ಪೋಸ್ಟ್‌ಗ್ರೆಸ್‌ನ 2 ಕೋಟಿ ಸಾಲು ಆರ್‌ಗೆ ತಂದರೆ ಲ್ಯಾಪ್‌ಟಾಪ್ ಹ್ಯಾಂಗ್, ಏನ್ ಮಾಡಲಿ?

ಸಾಲುಲೆಕ್ಕ: ಆರ್ಡರ್‌ಗಳ ಟೇಬಲ್ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. 2 ಕೋಟಿ ಸಾಲು, 30 ಕಾಲಂ. ಮುಂದಿನ ತಿಂಗಳು ಯಾವ ಗ್ರಾಹಕರು ಮತ್ತೆ ಕೊಳ್ಳುತ್ತಾರೆ ಅಂತ ಲಾಜಿಸ್ಟಿಕ್ ರಿಗ್ರೆಷನ್‌ನಲ್ಲಿ (ಹೌದು/ಇಲ್ಲ ಉತ್ತರದ ಸಂಭವನೀಯತೆ ಹೇಳುವ ಮಾಡೆಲ್) ಅಂದಾಜು ಮಾಡಬೇಕು. ಟೇಬಲ್ ಆರ್‌ಗೆ (ಅಂಕಿಅಂಶ ಲೆಕ್ಕದ ಪ್ರೋಗ್ರಾಮಿಂಗ್ ಭಾಷೆ) ಎಳೆದ ತಕ್ಷಣ 8 ಜಿಬಿ ರ‍್ಯಾಮ್ ತುಂಬಿಹೋಗುತ್ತದೆ. ದೊಡ್ಡ ಮೆಷಿನ್ ಕೇಳೋದೊಂದೇ ದಾರಿನಾ?

ಜಾಯಿನ್‌ಪ್ರಿಯ: ಸುಮ್ನೆ ದುಡ್ಡು ದಂಡ. ಆರ್ ಎಲ್ಲವನ್ನೂ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ, ಒಂದು ದಶಮಾಂಶ ಸಂಖ್ಯೆಗೆ 8 ಬೈಟ್. ಬರೀ ಅಂಥ ಸಂಖ್ಯೆಗಳೇ ಇದ್ದರೂ ನಿಮ್ಮ ಟೇಬಲ್ 4.8 ಜಿಬಿ ಆಯಿತು, ಮಾಡೆಲ್ ಕಟ್ಟುವಾಗ ಇನ್ನೂ ಜಾಸ್ತಿ ಬೇಕು. ಅಷ್ಟಕ್ಕೂ ನಿಮಗೆ ಬೇಕಿರೋದು ಆರ್ಡರ್‌ಗೊಂದು ಸಾಲಲ್ಲ, ಗ್ರಾಹಕರಿಗೊಂದು ಸಾಲು, ಅಲ್ವಾ? ಕೊನೆಯ ಆರ್ಡರ್ ಆಗಿ ಎಷ್ಟು ದಿನ, ವರ್ಷದಲ್ಲಿ ಎಷ್ಟು ಸಲ, ಒಟ್ಟು ಎಷ್ಟು ರೂಪಾಯಿ, ಇದನ್ನೆಲ್ಲ ಗ್ರೂಪ್ ಬೈ (ಗ್ರಾಹಕರ ಪ್ರಕಾರ ಸಾಲು ಗುಂಪು ಮಾಡೋ ಆಜ್ಞೆ) ಹಾಕಿ ಡೇಟಾಬೇಸ್‌ನಲ್ಲೇ ಮುಗಿಸಿ. ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್ ಬೇಜಾರು ಅಂದ್ರೆ ಆರ್‌ನ ಡಿಬಿಪ್ಲೈಆರ್ ಪ್ಯಾಕೇಜ್ ಇದೆ. ನೀವು ಡಿಪ್ಲೈಆರ್ (ಆರ್‌ನಲ್ಲಿ ಟೇಬಲ್ ಸಂಸ್ಕರಿಸೋ ಪ್ಯಾಕೇಜ್) ಥರಾನೇ ಬರೆಯಿರಿ, ಅದು ಎಸ್‌ಕ್ಯೂಎಲ್ ಮಾಡಿ ಕಳಿಸುತ್ತದೆ, ಕಲೆಕ್ಟ್ ಅನ್ನೋ ಆಜ್ಞೆ ಕೊಡೋವರೆಗೆ ಪೂರ್ತಿ ಡೇಟಾ ಇತ್ತ ಬರೋದಿಲ್ಲ.

ಗೆರೆ_ದಾಟಬೇಡಿ: ಮೇಲಿನವರು ಹೇಳಿದ್ದು ಸರಿ, ಆದರೆ ತಾರೀಖು ನೋಡಿಕೊಳ್ಳಿ. ಜುಲೈ ತಿಂಗಳ ಖರೀದಿ ಅಂದಾಜು ಮಾಡೋದಾದ್ರೆ ಲೆಕ್ಕಕ್ಕೆ ಜೂನ್ 30ರವರೆಗಿನ ಆರ್ಡರ್ ಮಾತ್ರ ಹೋಗಬೇಕು. ತಾರೀಖಿನ ಆ ವೇರ್ ಷರತ್ತು (ಎಸ್‌ಕ್ಯೂಎಲ್‌ನಲ್ಲಿ ಸಾಲು ಸೋಸುವ ಭಾಗ) ಬಿಟ್ಟುಹೋದರೆ ಜುಲೈ ಆರ್ಡರ್‌ಗಳೇ ಒಳಗೆ ನುಸುಳಿ ಮಾಡೆಲ್ ಭಾರೀ ಜಾಣನ ಥರ ಕಾಣುತ್ತದೆ, ಆಮೇಲೆ ನಿಜವಾದ ಕೆಲಸಕ್ಕೆ ಇಳಿಸಿದಾಗ ಕೈಕೊಡುತ್ತದೆ.

ಸಾಲುಲೆಕ್ಕ: ಸರಿ ಸರ್. ಮಾಡೆಲ್ ರೆಡಿ ಆದಮೇಲೆ ದಿನಾ ರಾತ್ರಿ ಎಲ್ಲರಿಗೂ ಸ್ಕೋರ್ ಹಾಕೋಕೆ ಆರ್ ಓಡಿಸಲೇಬೇಕಾ?

ಜಾಯಿನ್‌ಪ್ರಿಯ: ಲಾಜಿಸ್ಟಿಕ್‌ಗೆ ಬೇಕಿಲ್ಲ. ಪ್ರತಿ ಕಾಲಂ ಅನ್ನು ಅದಕ್ಕೆ ಮಾಡೆಲ್ ಕೊಟ್ಟ ಗುಣಾಂಕದಿಂದ ಗುಣಿಸಿ, ಇಂಟರ್‌ಸೆಪ್ಟ್ (ಮಾಡೆಲ್‌ನ ಸ್ಥಿರ ಸಂಖ್ಯೆ) ಸಮೇತ ಕೂಡಿಸಿ, ಆ ಮೊತ್ತವನ್ನು 1/(1+ಎಕ್ಸ್‌ಪ್(-ಮೊತ್ತ)) ಒಳಗೆ ಹಾಕಿದರೆ ಆಯಿತು, ಒಂದು ವ್ಯೂನಲ್ಲಿ (ಡೇಟಾಬೇಸ್‌ನಲ್ಲಿ ಉಳಿಸಿಟ್ಟ ಕ್ವೆರಿ) ಕೂರುತ್ತದೆ. ಟೈಡಿಪ್ರೆಡಿಕ್ಟ್ ಪ್ಯಾಕೇಜ್ ಆ ಎಸ್‌ಕ್ಯೂಎಲ್ ಬರೆದೂ ಕೊಡುತ್ತದೆ. ರ‍್ಯಾಂಡಮ್ ಫಾರೆಸ್ಟ್ (ನೂರಾರು ನಿರ್ಧಾರ-ಮರಗಳ ಮಾಡೆಲ್) ಆದರೆ ಈ ದಾರಿ ಬೇಡ, 500 ಮರದ ಕ್ವೆರಿ ಮೈಲುದ್ದ ಬರುತ್ತದೆ. ಅದಕ್ಕೆ ಆರ್‌ನಲ್ಲೇ ಸ್ಕೋರ್ ಹಾಕಿ ಟೇಬಲ್‌ಗೆ ವಾಪಸ್ ಬರೆಯಿರಿ.

ಗೆರೆ_ದಾಟಬೇಡಿ: ಒಂದು ಕಾಲಂ ನಲ್ (ಖಾಲಿ) ಇದ್ದರೆ ವ್ಯೂನಲ್ಲಿ ಇಡೀ ಮೊತ್ತವೇ ನಲ್. ಲಾಜಿಸ್ಟಿಕ್ ಮಾಡೆಲ್ ಕಟ್ಟೋ ಆರ್‌ನ ಜಿಎಲ್‌ಎಂ ಫಂಕ್ಷನ್ ಅಂಥ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಹಾಗಾಗಿ ಮಾಡೆಲ್ ಕಟ್ಟುವಾಗ ಸುಲಭಕ್ಕೆ ಗೊತ್ತಾಗೋದಿಲ್ಲ. ಎರಡೂ ಕಡೆ ಒಂದೇ ಕೋಲೆಸ್ (ನಲ್ ಬದಲು ಬೇರೆ ಬೆಲೆ ಇಡೋದು) ಹಾಕಿ.