ಸಹಾಯ ಬೇಕು: ಸಣ್ಣ ಮಕ್ಕಳಿಗೆ ಓದಿ ಹೇಳಾಕ ಹೆಣ್ಣುಮಕ್ಕಳ ಚರಿತ್ರೆ

ನಮಸ್ಕಾರ್ರೀ ಎಲ್ಲಾರಿಗೂ. ಬೈಲಹೊಂಗಲ ಹತ್ತಿರ ನಮ್ಮ ಊರ ಗ್ರಂಥಾಲಯದಾಗ ಶನಿವಾರ 4ರಿಂದ 7 ವರ್ಷದ ಮಕ್ಕಳಿಗೆ ಪುಸ್ತಕ ಓದಿ ಹೇಳ್ತೀನಿ.

ಕಿತ್ತೂರ ಚೆನ್ನಮ್ಮ ಅಂದ್ರ ಇಲ್ಲಿ ಹುಡುಗರು ನನಗಿಂತ ಮುಂದ. ಆಕಿ ಸಮಾಧಿ ಬೈಲಹೊಂಗಲದಾಗೇ ಐತಿ, ನೋಡ್ಯಾರ. 1824ರ ಯುದ್ಧದ ತನಕ ಮಿಸುಕಾಡದ ಕೇಳ್ತಾರ. ಆದರ 1829ರಾಗ ಸೆರೆಯಾಗೇ ತೀರಿಕೊಂಡಳು ಅನ್ನೂದನ್ನ ಇಷ್ಟು ಸಣ್ಣವರಿಗೆ ಹೆಂಗ ಓದಬೇಕ್ರೀ? ಬಿಟ್ಟು ಮುಂದ ಹೋಗಾಕ ನನಗ ಮನಸ್ಸಿಲ್ಲ. ಅಂಗನವಾಡಿ ಅಕ್ಕಾರು, ಟೀಚರ್‌ಗಳು ಯಾರರ ಇದ್ರ ಹೇಳ್ರಿ.

ಕತ್ತಿ-ಕುದುರಿ ಇಲ್ಲದವರ ಕಥಿನೂ ಬೇಕಾಗ್ಯಾವ. 1848ರಾಗ ಪುಣೆದಾಗ ಹುಡುಗ್ಯಾರ ಸಾಲಿ ಸುರು ಮಾಡಿದ ಸಾವಿತ್ರಿಬಾಯಿ ಫುಲೆ ಕಥಿ ಹೇಳಿದ್ನಿ. ದಾರ್ಯಾಗ ಮಂದಿ ಸಗಣಿ ಎಸೀತಿದ್ರು, ಅದಕ್ಕ ಆಕಿ ಇನ್ನೊಂದು ಸೀರಿ ಒಯ್ತಿದ್ಳು ಅಂದಕೂಡ್ಲೆ ಒಂದು ಹುಡುಗಿ, ‘ಅವ್ರಿಗೆ ಅವ್ವ ಬೈಲಿಲ್ಲೇನ್ರೀ?’ ಅಂತ ಕೇಳ್ತು! ಇಂಥ ಸಣ್ಣ ಸಣ್ಣ ವಿವರ ಇದ್ರನ ಮಕ್ಕಳು ಹಿಡ್ಕೋತಾರ. ಜಯಂತಿ ಭಾಷಣದಂಥಾ ಪುಸ್ತಕ ಮಾತ್ರ ಬ್ಯಾಡ್ರಿ, ಎರಡನೇ ಪುಟಕ್ಕ ಆಕಳಿಸ್ತಾರ.

ಗಂಗೂಬಾಯಿ ಹಾನಗಲ್, ನಮ್ಮ ಬೀಳಗಿಯಿಂದ ಮುಂಬೈ ಸಿನಿಮಾಕ್ಕ ಹೋಗಿ ಹಾಡಿದ ಅಮೀರಬಾಯಿ ಕರ್ನಾಟಕಿ, ಬೆಳವಡಿ ಮಲ್ಲಮ್ಮ, ಇವರ ಮ್ಯಾಲೆ ದೊಡ್ಡ ಚಿತ್ರ, ಪುಟಕ್ಕ ಎರಡು ಸಾಲು ಇರೋ ಕನ್ನಡ ಪುಸ್ತಕ ಗೊತ್ತಿದ್ರ ಹೆಸರು ಹಾಕ್ರಿ. ಹಳೇ ಪ್ರತಿ ಆದರೂ ನಡೀತೈತಿ, ಅಂಚೆ ಖರ್ಚು ನಾನ ಕೊಡ್ತೀನಿ. ಬಾಗಲಕೋಟೆ, ವಿಜಯಪುರದ ಕಡೆಯವರು ನಿಮ್ಮ ಊರಿನ ಹೆಣ್ಣುಮಕ್ಕಳ ಹೆಸರೂ ಸೇರಿಸ್ರಿ.