ಪದಚರ್ಚೆ: ‘ಫುಲ್ ಗ್ರೇನ್ ಲೆದರ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಓಲೆಗರಿ ಬರೆದದ್ದು:

ಗೆಳೆಯರೇ, ನಾಳೆ ಸಂಜೆಯೊಳಗೆ ಬೇಕು. ತೊಗಲಿನ ಇತಿಹಾಸದ ಬಗ್ಗೆ ಒಂದು ಪ್ರದರ್ಶನ ಇದೆ. ಅದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಳೆಯ ಕಾಲದ ಭಾಗ ಮುಗಿಯಿತು. ಆರ್ಮೇನಿಯಾದ ಗುಹೆಯಲ್ಲಿ 2008ರಲ್ಲಿ ಸಿಕ್ಕ ಜೋಡಿನ ಚಿತ್ರ ಇದೆ. ಸುಮಾರು 5,500 ವರ್ಷ ಹಳೆಯದು. ಒಂದೇ ತುಂಡು ದನದ ತೊಗಲನ್ನು ಪಾದಕ್ಕೆ ಸುತ್ತಿ, ತೂತು ಮಾಡಿ, ಬಾರು ಪೋಣಿಸಿ ಬಿಗಿದಿದ್ದಾರೆ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಮನುಷ್ಯನ ಕರಡಿ ತೊಗಲಿನ ಟೋಪಿಯೂ ಇದೆ. ಅಲ್ಲೆಲ್ಲ ಪದಗಳು ತಾವಾಗೇ ಬಂದವು.

ಸಿಕ್ಕಿಹಾಕಿಕೊಂಡಿರುವುದು ಬಗೆಗಳ ಫಲಕದಲ್ಲಿ. ಫುಲ್ ಗ್ರೇನ್, ಕರೆಕ್ಟೆಡ್ ಗ್ರೇನ್, ಸ್ಪ್ಲಿಟ್, ಸ್ವೀಡ್, ಪೇಟೆಂಟ್ ಲೆದರ್. ಯಂತ್ರಕ್ಕೆ ಕೊಟ್ಟು ನೋಡಿದರೆ ‘ಪೂರ್ಣ ಧಾನ್ಯದ ಚರ್ಮ’ ಅಂತ ಕೊಟ್ಟಿತು.

ಇನ್ನೊಂದು ತೊಡಕು. ಮೈಮೇಲೆ ಇರುವುದೂ ಚರ್ಮ, ಸುಲಿದದ್ದೂ ಚರ್ಮ, ಹದ ಮಾಡಿದ್ದೂ ಚರ್ಮ. ನನ್ನ ಮೊದಲ ಕರಡಿನಲ್ಲಿ ‘ಚರ್ಮವನ್ನು ಸುಲಿದು, ಆ ಚರ್ಮವನ್ನು ಚರ್ಮವಾಗಿ ಮಾಡುತ್ತಾರೆ’ ಅಂತ ಒಂದು ವಾಕ್ಯ ಬಂತು. ಓದುವವರಿಗೆ ಏನು ತಿಳಿಯಬೇಕು? ದಯವಿಟ್ಟು ಬೇಗ ಹೇಳಿ.

*

ಬೇರುಚಿಗುರು:

ತೊಗಲು. ಇದರಲ್ಲಿ ಚರ್ಚೆಗೆ ಏನಿದೆ? ಹಳಗನ್ನಡದಲ್ಲಿ ತೊವಲ್, ತಮಿಳಿನಲ್ಲಿ ತೋಲ್, ತೆಲುಗಿನಲ್ಲಿ ತೋಲು. ನಮ್ಮ ಮನೆಯ ಪದ ಇರುವಾಗ ಚರ್ಮ ಯಾಕೆ ಬೇಕು?

ಬಗೆಗಳಿಗೆ ಆದೇಶ ಸಂಧಿ ಮಾಡಿದರೆ ಮುಗಿಯಿತು. ಫುಲ್ ಗ್ರೇನ್ ಅಂದರೆ ಮೇಲ್ದೊಗಲು. ಸ್ಪ್ಲಿಟ್ ಅಂದರೆ ಸೀಳ್ದೊಗಲು. ಪೇಟೆಂಟ್ ಅಂದರೆ ಮಿರುಗುದೊಗಲು. ನಕಲಿ ಅಂದರೆ ಹುಸಿದೊಗಲು. ‘ಚರ್ಮಚೀಲ’ ಅಂತ ಎಲ್ಲೂ ಬರೆಯಬೇಡಿ, ಅದು ಅರಿಸಮಾಸ. ಜೋಡಿನ ಫಲಕಕ್ಕೆ ಚಮ್ಮಾವುಗೆ ಅನ್ನಿ. ಅಚ್ಚಗನ್ನಡ ಅಂದರೆ ಅದು.

*

ರಂಪಿಗೆ:

ನಾನು ತೊಗಲಿನ ಕೆಲಸ ಮಾಡುವವನು. ಬೇರುಚಿಗುರು ಅವರ ಪದಗಳು ಕಿವಿಗೆ ಚೆನ್ನಾಗಿವೆ. ಆದರೆ ಮೇಲ್ದೊಗಲು ಒಂದೇ ಸಾಲದು. ಯಾಕೆ ಅಂತ ಹೇಳುತ್ತೇನೆ.

ಒಂದು ದಪ್ಪ ತೊಗಲನ್ನು ಅಡ್ಡಕ್ಕೆ ಕತ್ತರಿಸಿ ಅಂಚು ನೋಡಿ. ಕೂದಲಿದ್ದ ಮಗ್ಗುಲಲ್ಲಿ ಎಳೆಗಳು ಒತ್ತಾಗಿ, ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಕೆಳಗೆ ಹೋದ ಹಾಗೆ ಎಳೆ ದಪ್ಪ, ಹೆಣಿಗೆ ಸಡಿಲ. ಮಾಂಸದ ಮಗ್ಗುಲು ನಾರುನಾರು. ಮೇಲಿನ ಆ ಬಿಗಿ ಪದರಕ್ಕೇ ಗ್ರೇನ್ ಅನ್ನುವುದು. ಕೂದಲು ಕಿತ್ತ ಜಾಗದ ಸಣ್ಣ ತೂತುಗಳು ಅಲ್ಲಿ ಕಾಣುತ್ತವೆ. ಆಡಿನದರಲ್ಲಿ ಅವು ಸಾಲುಸಾಲಾಗಿ ಇರುತ್ತವೆ, ಹಂದಿಯದರಲ್ಲಿ ಮೂರು ಮೂರರ ಗುಂಪು.

ಈಗ ವ್ಯತ್ಯಾಸಕ್ಕೆ ಬನ್ನಿ. ಆ ಮೇಲ್ಮೈಯನ್ನು ಹಾಗೇ ಬಿಟ್ಟರೆ ಫುಲ್ ಗ್ರೇನ್. ಸೊಳ್ಳೆ ಕಚ್ಚಿದ್ದು, ಮುಳ್ಳು ತರಚಿದ್ದು ಎಲ್ಲ ಉಳಿದಿರುತ್ತದೆ. ಕಲೆ ಹೋಗಲಿ ಅಂತ ಮೇಲ್ಮೈ ಉಜ್ಜಿ, ಬಣ್ಣದ ಲೇಪ ಕೊಟ್ಟು, ಅಚ್ಚೊತ್ತಿ ಸುಳ್ಳು ತೂತು ಮೂಡಿಸಿದರೆ ಅದು ಕರೆಕ್ಟೆಡ್ ಗ್ರೇನ್. ಎರಡೂ ಮೇಲ್ದೊಗಲೇ ಅಲ್ವಾ? ಹಾಗಾಗಿ ‘ಉಜ್ಜದ’, ‘ಉಜ್ಜಿದ’ ಅನ್ನುವುದು ಪದದೊಳಗೆ ಬರಲೇಬೇಕು. ಕೊಳ್ಳುವವನು ಮೋಸ ಹೋಗುವುದೇ ಇಲ್ಲಿ.

ಸ್ಪ್ಲಿಟ್ ಅಂದರೆ ಮೇಲಿನ ಪದರ ಸೀಳಿ ತೆಗೆದ ಮೇಲೆ ಕೆಳಗೆ ಉಳಿದದ್ದು. ಅದನ್ನು ಉಜ್ಜಿ ನವಿರು ಎಬ್ಬಿಸಿದರೆ ಸ್ವೀಡ್. ಕೂದಲ ಮಗ್ಗುಲನ್ನೇ ಹಗುರವಾಗಿ ಉಜ್ಜಿ ನವಿರು ಮಾಡಿದರೆ ನುಬಕ್. ಕೈಗೆ ಎರಡೂ ಒಂದೇ ಥರ ಅನಿಸುತ್ತವೆ. ಆದರೆ ನುಬಕ್ ಜಾಸ್ತಿ ಬಾಳಿಕೆ ಬರುತ್ತದೆ, ಬಿಗಿ ಪದರ ಇನ್ನೂ ಇದೆಯಲ್ಲ.

ಬಾಂಡೆಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಫಲಕದಲ್ಲಿ ಹಾಕಿ. ಚೂರು, ಪುಡಿಗೆ ಅಂಟು ಕಲಸಿ ಹಾಳೆ ಮಾಡಿದ್ದು ಅದು. ಒಂದೆರಡು ವರ್ಷಕ್ಕೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಅದಕ್ಕೆ ‘ತೊಗಲು’ ಅನ್ನುವ ಮರ್ಯಾದೆ ಕೊಡಬೇಡಿ. ‘ತೊಗಲಪುಡಿ ಹಾಳೆ’ ಅನ್ನಿ.

*

ಹಳೆ ಮೇಷ್ಟ್ರು:

ಬೇರುಚಿಗುರು ಅವರೇ, ಚಮ್ಮಾವುಗೆ ಅಚ್ಚಗನ್ನಡ ಅಂತ ಯಾರು ಹೇಳಿದರು ನಿಮಗೆ? ಚಮ್ಮ ಬಂದದ್ದು ಚರ್ಮದಿಂದ. ಆವುಗೆ ಬಂದದ್ದು ಪಾದುಕೆಯಿಂದ. ಪಾದುಕೆ ಹಾವುಗೆಯಾಯಿತು, ಹಕಾರವೂ ಬಿದ್ದು ಆವುಗೆ ಆಯಿತು. ಎರಡು ಕಾಲೂ ಸಂಸ್ಕೃತದವು. ಹರಳಯ್ಯನ ಕಥೆಯಿಂದ ಎಲ್ಲರ ಮನಸ್ಸಿನಲ್ಲಿ ಉಳಿದ ಪದ ಅದು. ಅದನ್ನೂ ಹೊರಗೆ ಹಾಕುತ್ತೀರಾ?

ಅಚ್ಚ ದ್ರಾವಿಡ ಪದವೇ ಬೇಕಾದರೆ ಕೆರ ಇದೆ, ಹಳೆಯದರಲ್ಲಿ ಕೆರ್ಪು. ತಮಿಳಿನ ಚೆರುಪ್ಪು, ತೆಲುಗಿನ ಚೆಪ್ಪು ಅದರ ಒಡಹುಟ್ಟಿದವು. ಅವರಲ್ಲಿ ಕಕಾರ ಚಕಾರವಾಯಿತು, ನಮ್ಮಲ್ಲಿ ಉಳಿಯಿತು. ಕಿವಿ–ಚೆವಿ ಇದ್ದ ಹಾಗೆ. ಬಾರು ಕೂಡ ಅಷ್ಟೆ. ತಮಿಳಿನ ವಾರ್ ನಮ್ಮಲ್ಲಿ ಬಾರ್, ವಾಯ್–ಬಾಯಿ ಇದ್ದ ಹಾಗೆ.

ಕೇಶಿರಾಜ 13ನೇ ಶತಮಾನದಲ್ಲೇ ತದ್ಭವಗಳಿಗೆ ಒಂದು ಇಡೀ ಪ್ರಕರಣ ಕೊಟ್ಟ. ಹೊರಗಿನ ಪದ ನಮ್ಮ ಬಾಯಲ್ಲಿ ಹದವಾದ ಮೇಲೆ ಅದು ನಮ್ಮದೇ. ಚರ್ಮ ತೆಗೆದುಹಾಕಿ ಅನ್ನುವುದು ಸುಮ್ನೆ ಹಟ. ಇನ್ನೊಂದು ಮಾತು: ಪಾರಸಿಯಲ್ಲಿ ಇದೇ ಮೂಲದ ‘ಚರ್ಮ್’ ಅಂದರೆ ಹದ ಮಾಡಿದ ತೊಗಲು. ಅಂದರೆ ಆ ಪದಕ್ಕೆ ಲೆದರ್ ಅನ್ನುವ ಅರ್ಥ ಹೊಸದಲ್ಲ.

*

ಬೇರುಚಿಗುರು:

ಪಾರಸಿಯವರು ಏನಂದರೇನು? ನಾವು ಬರೆಯುತ್ತಿರುವುದು ಕನ್ನಡ.

ಚಮ್ಮಾವುಗೆ ವಿಷಯ ಒಪ್ಪಿದೆ. ಬೇಡ, ಕೆರ ಅನ್ನಿ. ಆದರೆ ಮೇಷ್ಟ್ರು ಬಾಗಿಲು ಎಷ್ಟು ಅಗಲ ತೆಗೆದಿದ್ದಾರೆ ನೋಡಿ. ಇವತ್ತು ಚರ್ಮ, ನಾಳೆ ಲೆದರ್. ಬೆಲ್ಟು, ಪರ್ಸು, ಬ್ಯಾಗು, ಶೂಸು ಎಲ್ಲ ಒಳಗೆ ಬಂದು ಕೂತಿವೆ. ನಡುಪಟ್ಟಿ, ಹಮ್ಮಿಣಿ, ಸಂಚಿ, ಮೆಟ್ಟು ಎಲ್ಲಿ ಹೋದವು? ಹಮ್ಮಿಣಿ ಅಂದರೆ ಇವತ್ತಿನ ಮಕ್ಕಳಿಗೆ ಗೊತ್ತಿಲ್ಲ. ಯಾರ ತಪ್ಪು? ಬರೆಯುವವರ ತಪ್ಪು.

*

ಸಂಜೆಮಲ್ಲಿಗೆ:

ಪರ್ಸ್ ಮೇಲೆ ಯಾಕೆ ಸಿಟ್ಟು? ಗ್ರೀಕಿನಲ್ಲಿ ಬುರ್ಸ ಅಂದರೆ ತೊಗಲು. ಅದು ಲ್ಯಾಟಿನ್ನಿನಲ್ಲಿ ಬುರ್ಸಾ ಆಗಿ ಚೀಲ ಅನ್ನುವ ಅರ್ಥ ಪಡೆಯಿತು. ಅಲ್ಲಿಂದ ಇಂಗ್ಲಿಷಿಗೆ ಪರ್ಸ್. ಇಂಗ್ಲಿಷಿನವರೇನು ಮೂಲೆಯಲ್ಲಿ ಕೂತು ಪದ ಕಟ್ಟಲಿಲ್ಲ. ಸ್ವೀಡ್ ಅಂದರೆ ಫ್ರೆಂಚಿನಲ್ಲಿ ಸ್ವೀಡನ್ ದೇಶ. ‘ಸ್ವೀಡನ್ನಿನ ಕೈಗವಸು’ ಅನ್ನುವ ಮಾತಿನ ಬಾಲ ಅದು. ಬರೆಯಲು ಬಳಸುತ್ತಿದ್ದ ತೊಗಲಿನ ಹಾಳೆ ಪಾರ್ಚ್‌ಮೆಂಟಿನ ಹೆಸರಿನಲ್ಲಿ ಪೆರ್ಗಮನ್ ಊರಿದೆ, ಕಾರ್ಡೊವನ್ ಅನ್ನುವ ತೊಗಲಿನ ಹೆಸರಿನಲ್ಲಿ ಸ್ಪೇನಿನ ಕಾರ್ಡೊಬಾ ಇದೆ. ಯಾವ ಊರಿನಿಂದ ಒಳ್ಳೆಯ ತೊಗಲು ಬಂತೋ ಆ ಊರಿನ ಹೆಸರನ್ನೇ ಇಟ್ಟುಕೊಂಡರು.

ಅಂದ ಹಾಗೆ ‘ಪೇಟೆಂಟ್ ಲೆದರ್’ಗೆ ಸ್ವಾಮ್ಯದ ಚರ್ಮ ಅಂತ ಯಾರೂ ಬರೆಯದಿರಲಿ. ಅಗಸೆ ಎಣ್ಣೆಯ ಲೇಪವನ್ನು ಪದರ ಪದರವಾಗಿ ಬಳಿದು ಕನ್ನಡಿಯ ಹಾಗೆ ಹೊಳೆಸಿದ್ದು ಅದು. ಮಿರುಗುದೊಗಲು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ.

*

ಬೇರುಚಿಗುರು:

ಅವರು ಸಾಲ ಮಾಡಿದರು ಅಂತ ನಾವೂ ಮಾಡಬೇಕಾ? ಈ ವಾದ ಕೇಳಿ ಕೇಳಿ ಸಾಕಾಗಿದೆ.

*

ಓಲೆಗರಿ:

ದಯವಿಟ್ಟು ಫಲಕಕ್ಕೆ ವಾಪಸ್ ಬನ್ನಿ! ಅರ್ಧ ದಿನ ಹೋಯಿತು. ಹೈಡ್ (ಸುಲಿದದ್ದು) ಮತ್ತು ಲೆದರ್ (ಹದ ಮಾಡಿದ್ದು) ಬೇರೆ ಮಾಡುವುದು ಹೇಗೆ ಅಂತ ಇನ್ನೂ ಯಾರೂ ಹೇಳಿಲ್ಲ. ಪಾರ್ಚ್‌ಮೆಂಟಿಗೆ ‘ಹದ ಮಾಡಿದ ತೊಗಲಿನ ಹಾಳೆ’ ಅಂತ ಬರೆದಿದ್ದೇನೆ, ಸರೀನಾ?

*

ರಂಪಿಗೆ:

ಮೇಡಂ, ತಪ್ಪು. ಪಾರ್ಚ್‌ಮೆಂಟನ್ನು ಹದ ಮಾಡಿರುವುದಿಲ್ಲ. ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಹೆರೆದು ಒಣಗಿಸಿದ್ದು ಅಷ್ಟೆ. ಮತ್ತೆ ನೆನೆಸಿದರೆ ಹಸಿ ತೊಗಲಿನ ಹಾಗೆ ಮೆತ್ತಗಾಗಿ ಕೊಳೆಯುತ್ತದೆ. ಹದ ಮಾಡಿದ್ದು ಕೊಳೆಯುವುದಿಲ್ಲ. ಎಲ್ಲ ವ್ಯತ್ಯಾಸ ಇರುವುದೂ ಅಲ್ಲೇ. ತೊಗಟೆಯ ಒಗರು ಒಳಗಿನ ಎಳೆಗಳನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ನೀರು, ಹುಳುವಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಓಕ್, ಜಾಲಿ, ತಂಗಡಿ ತೊಗಟೆ, ಅಳಲೆಕಾಯಿ ಎಲ್ಲದರಲ್ಲೂ ಇರುವುದು ಆ ಒಗರೇ. ಟ್ಯಾನಿನ್‌ಗೆ ಒಗರು ಅಂತ ಬರೆಯಿರಿ, ನಾಲಿಗೆಗೆ ಗೊತ್ತಿರುವ ಪದ.

ಒಗರಿನ ಹದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. 1884ರಲ್ಲಿ ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಉಪ್ಪಿನ ವಿಧಾನಕ್ಕೆ ಪೇಟೆಂಟ್ ಪಡೆದ. ಈಗ ಆ ಹದ ಒಂದು ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ. ನಿಮ್ಮ ಬೆಲ್ಟು ಯಾವುದು ಅಂತ ತಿಳಿಯಬೇಕಾದರೆ ಕತ್ತರಿಸಿದ ಅಂಚು ನೋಡಿ. ಒಗರಿನದಾದರೆ ನಡುವೆಯೂ ಕಂದು. ಕ್ರೋಮಿನದಾದರೆ ಎಷ್ಟೋ ಸಲ ನಡುವೆ ನೀಲಿ ಬೂದಿಯ ಒಂದು ಗೆರೆ ಕಾಣುತ್ತದೆ.

ನನ್ನ ಲೆಕ್ಕ: ಮೈಮೇಲಿದ್ದರೆ ಚರ್ಮ. ಸುಲಿದರೆ ಹಸಿದೊಗಲು. ಹದ ಮಾಡಿದರೆ ಹದದೊಗಲು. ಫಲಕದಲ್ಲಿ ಒಮ್ಮೆ ಹೇಳಿ, ಮುಂದೆ ಬರಿ ‘ತೊಗಲು’ ಅಂದರೆ ಸಾಕು.

*

ಹಳೆ ಮೇಷ್ಟ್ರು:

ಹದದೊಗಲು ತುಂಬ ಚೆನ್ನಾಗಿದೆ. ಹದ ಹಳಗನ್ನಡದ ಪದ, ಪಕಾರ ಹಕಾರವಾಗಿದೆ. ತಮಿಳಿನಲ್ಲಿ ಈಗಲೂ ತೊಗಲು ಹದ ಮಾಡುವುದಕ್ಕೆ ‘ಪದನಿಡುದಲ್’ ಅನ್ನುತ್ತಾರೆ. ಬೇರುಚಿಗುರು ಅವರೂ ಇದನ್ನು ಬೇಡ ಅನ್ನಲಾರರು.

ಆದರೆ ಮೈಮೇಲಿದ್ದರೆ ಚರ್ಮ, ಸುಲಿದರೆ ತೊಗಲು ಅನ್ನುವ ಗೆರೆಯನ್ನು ಭಾಷೆಯ ನಿಯಮ ಅಂತ ಯಾರೂ ತಿಳಿಯಬಾರದು. ‘ಎಲುಬು ತೊಗಲು ಆಗಿದ್ದಾನೆ’ ಅಂತ ಬದುಕಿರುವವನಿಗೇ ಹೇಳುತ್ತೇವೆ. ಇದು ಈ ಫಲಕಕ್ಕೆ ಮಾತ್ರ ಮಾಡಿಕೊಂಡ ಒಪ್ಪಂದ.

*

ಬೇರುಚಿಗುರು:

ಹದದೊಗಲು ಸರಿ. ಉಜ್ಜದ ಮೇಲ್ದೊಗಲು ಅನ್ನುವುದನ್ನೂ ಒಪ್ಪುತ್ತೇನೆ, ರಂಪಿಗೆ ಅವರು ಕೈಯಲ್ಲಿ ಹಿಡಿದು ನೋಡಿ ಹೇಳಿದ್ದಾರೆ.

*

ಓಲೆಗರಿ:

ಎಲ್ಲರಿಗೂ ವಂದನೆ. ಅಚ್ಚಿಗೆ ಕಳಿಸಿದ್ದು ಹೀಗಿದೆ. ‘ಸುಲಿದ ಹಸಿದೊಗಲನ್ನು ಒಗರಿನಲ್ಲಿ ನೆನೆಸಿ ಹದದೊಗಲು ಮಾಡುತ್ತಾರೆ.’ ನನ್ನ ಮೊದಲ ವಾಕ್ಯದ ಪಕ್ಕ ಇಟ್ಟು ಓದಿ, ನನಗಂತೂ ಕಣ್ಣಿಗೆ ಬೆಳಕು ಬಂದ ಹಾಗಾಯಿತು. ಬಗೆಗಳು: ಉಜ್ಜದ ಮೇಲ್ದೊಗಲು, ಉಜ್ಜಿದ ಮೇಲ್ದೊಗಲು, ಸೀಳ್ದೊಗಲು, ಮಿರುಗುದೊಗಲು, ತೊಗಲಪುಡಿ ಹಾಳೆ. ಪಾರ್ಚ್‌ಮೆಂಟಿಗೆ ‘ಬಿಗಿದು ಒಣಗಿಸಿದ ತೊಗಲಿನ ಹಾಳೆ’. ಆರ್ಮೇನಿಯಾದ್ದಕ್ಕೆ ಜೋಡು ಅಂತಲೇ ಬಿಟ್ಟೆ, ಕೆರ ಅಂದರೆ ಕೆಲವರಿಗೆ ಬೈಗುಳ ನೆನಪಾಗುತ್ತದೆ ಅಂತ ಸಂಪಾದಕರು ಹೇಳಿದರು. ಬೆಲ್ಟ್, ಪರ್ಸ್ ಹಾಗೇ ಇವೆ, ಒಂದು ಕಡೆ ಮಾತ್ರ ಹಮ್ಮಿಣಿ ಸೇರಿಸಿದ್ದೇನೆ. ಸ್ವೀಡ್ ಮತ್ತು ನುಬಕ್ ಹಾಗೇ ಉಳಿದವು.

*

ಬೇರುಚಿಗುರು:

ಕೆರ ಬೈಗುಳ ಆದದ್ದು ನಾವು ಅದನ್ನು ಬರೆಯುವುದು ಬಿಟ್ಟಮೇಲೆ. ಇದನ್ನು ನಾನು ಒಪ್ಪುವುದಿಲ್ಲ. ಸ್ವೀಡಿಗೆ ‘ನವಿರ್ದೊಗಲು’ ಅನ್ನಬಹುದಿತ್ತು.

*

ರಂಪಿಗೆ:

ನವಿರ್ದೊಗಲು ಅಂದರೆ ನುಬಕ್ಕೂ ಅದರೊಳಗೇ ಬಂದುಬಿಡುತ್ತದೆ ಸಾರ್. ಒಳನವಿರು, ಮೇಲ್ನವಿರು ಅಂತ ಎರಡು ಮಾಡಿದರೆ ಆದೀತು. ಮುಂದಿನ ಅಚ್ಚಿಗೆ ಹಾಕಿಕೊಳ್ಳಿ ಮೇಡಂ.