ಎಡ ಮುಂಬಾಗಿಲಿನ ಗ್ಲಾಸ್ ಏರುವಾಗ ಹಿಂದಕ್ಕೆ ವಾಲಿ ಚಾನೆಲ್ ಬಿಡುತ್ತಿದೆ – ರೆಗ್ಯುಲೇಟರ್ ಬದಲಿಸಲೇಬೇಕಾ?

ಶರಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಕಾರು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮುಂದಿನ ಎರಡೂ ಬಾಗಿಲಿಗೆ ಪವರ್ ವಿಂಡೋ. ಎಡ ಮುಂಬಾಗಿಲಿನ ಗ್ಲಾಸ್ ಇಳಿಯುವಾಗ ಏನೂ ತೊಂದರೆಯಿಲ್ಲ. ಏರುವಾಗ ಮಾತ್ರ ಮಿರರ್ ಕಡೆಯ ತುದಿ ಮುಂದಾಗಿ ಹೋಗುತ್ತದೆ, ಹಿಂದಿನ ತುದಿ ತಡೆಯುತ್ತದೆ. ಮುಕ್ಕಾಲು ಏರುವ ಹೊತ್ತಿಗೆ ಮುಂದಿನ ಅಂಚು ಚಾನೆಲ್, ಅಂದರೆ ಗಾಜು ಓಡುವ ರಬ್ಬರ್ ತೋಡಿನಿಂದ ಈಚೆ ಬಂದು ಟಕ್ ಅಂತ ನಿಲ್ಲುತ್ತದೆ. ಗಾಜನ್ನು ಕೈಯಿಂದ ಮುಂದಕ್ಕೆ ಒತ್ತಿ ಹಿಡಿದು ಸ್ವಿಚ್ ಒತ್ತಿದರೆ ಪೂರ್ತಿ ಮುಚ್ಚುತ್ತದೆ. ಮೋಟರ್ ಸದ್ದಿನಲ್ಲಿ ವ್ಯತ್ಯಾಸವಿಲ್ಲ. ನಾಲ್ಕೂ ಬಾಗಿಲಿಗೆ ಚಾನೆಲ್ ಒಳಗೇ ಸಿಕ್ಕಿಸುವ ಮಾದರಿಯ, ಮಳೆನೀರು ತಡೆಯುವ ವೈಸರ್ ಇದೆ.

ಗ್ಲಾಸ್ ಏರಿಸಿ ಇಳಿಸುವ ಇಡೀ ರೆಗ್ಯುಲೇಟರ್ ಸೆಟ್ ಬದಲಿಸಬೇಕಾ, ಅಥವಾ ಮನೆಯಲ್ಲೇ ಬಿಚ್ಚಿ ಸರಿ ಮಾಡಬಹುದಾ? ಇಲ್ಲಿ ಸಾಗರದಲ್ಲಿ ಮಳೆ ಹಿಡಿದಿದೆ, ಬಿಸಿಲು ಬೀಳುವ ತನಕ ಗ್ಲಾಸ್ ಮೇಲೆ ನಿಲ್ಲಿಸುವ ದಾರಿ ಇದ್ದರೂ ಹೇಳಿ.

ಹತ್ತು_ನಂಬರ್_ಸ್ಪ್ಯಾನರ್

ಮೊದಲು ಒಂದು ಮಾತು: ಇನ್ನು ಸ್ವಿಚ್ ಮುಟ್ಟಬೇಡಿ. ವಾಲಿದ ಗಾಜನ್ನು ಮೋಟರ್ ಬಲದಿಂದ ಏರಿಸುತ್ತಾ ಹೋದರೆ ಇವತ್ತು ಚಾನೆಲ್ ಬಿಡುವ ಗಾಜು ನಾಳೆ ತನ್ನನ್ನು ಹೊತ್ತು ಓಡುವ ಸ್ಲೈಡರ್ ಮುರಿಯುತ್ತದೆ, ನಾಡಿದ್ದು ಕೇಬಲ್ ಹರಿಯುತ್ತದೆ. ಈಗ ಕೈ ಒತ್ತಿ ಪೂರ್ತಿ ಏರಿಸಿ ಬಿಟ್ಟುಬಿಡಿ. ಎರಡಿಂಚಿನ ಮಾಸ್ಕಿಂಗ್ ಟೇಪನ್ನು ಗಾಜಿನ ಒಳಮುಖದಿಂದ ಹಿಡಿದು, ಬಾಗಿಲಿನ ಫ್ರೇಮ್ ಮೇಲೆ ಹಾಯಿಸಿ, ಹೊರಮುಖಕ್ಕೆ ಅಂಟಿಸಿ. ಇಂಥ ಮೂರು ಪಟ್ಟಿ ಸಾಕು. ಗಾಜಿಗೂ ಒಳಬೀಡಿಂಗಿಗೂ (ಕಿಟಕಿ ಬುಡದ ಒಳಗಿನ ರಬ್ಬರ್ ಪಟ್ಟಿ) ನಡುವೆ ಬಟ್ಟೆ ಸುತ್ತಿದ ಮರದ ಚಕ್ಕೆಯೊಂದನ್ನು ಕೈಯಿಂದಲೇ ಒತ್ತಿಡಿ, ಸುತ್ತಿಗೆಯಿಂದ ಬಡಿಯಬೇಡಿ. ಪಕ್ಕದ ಗಾಜು ಟೆಂಪರ್ಡ್, ಅಂಚಿಗೆ ಸಣ್ಣ ಪೆಟ್ಟು ಬಿದ್ದರೂ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ.

ಈಗ ಕಾರಣ. ನಿಮ್ಮ ಲಕ್ಷಣ ನೋಡಿದರೆ ರೆಗ್ಯುಲೇಟರ್ ಮೇಲೆ ನನಗೆ ಅನುಮಾನ ಕಡಿಮೆ. ಸಣ್ಣ ಕಾರುಗಳಲ್ಲಿ ಬಹುಮಟ್ಟಿಗೆ ಇರುವುದು ಒಂದೇ ಕಂಬಿಯ ಕೇಬಲ್ ರೆಗ್ಯುಲೇಟರ್. ಅಗಲವಾದ ಮೊರವನ್ನು ನಡುವೆ ಒಂದೇ ಕೈಯಲ್ಲಿ ಎತ್ತಿದ ಹಾಗೆ ಅದು ಗಾಜನ್ನು ಎತ್ತುತ್ತದೆ. ಗಾಜು ನೆಟ್ಟಗೆ ನಿಲ್ಲುವುದು ರೆಗ್ಯುಲೇಟರ್‌ನಿಂದ ಅಲ್ಲ, ಎರಡೂ ಬದಿಯ ಚಾನೆಲ್‌ಗಳಿಂದ. ಒಂದು ಬದಿ ಹಿಡಿದುಕೊಂಡರೆ ಆ ಬದಿ ಹಿಂದುಳಿಯುತ್ತದೆ, ಇನ್ನೊಂದು ಬದಿ ಏರುತ್ತದೆ. ನಿಮ್ಮಲ್ಲಿ ಹಿಂದಿನ ತುದಿ ತಡೆಯುತ್ತಿದೆ, ಅಂದರೆ ಬಿ ಪಿಲ್ಲರ್ (ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬ) ಕಡೆಯ ಚಾನೆಲ್ ನೋಡಬೇಕು. ರಬ್ಬರ್ ಗಟ್ಟಿಯಾಗಿರಬಹುದು, ತಳದಲ್ಲಿ ಮಣ್ಣು ತುಂಬಿರಬಹುದು, ವೈಸರ್ ಅದರ ತುಟಿಯನ್ನು ಗಾಜಿಗೆ ಅಮುಕುತ್ತಿರಬಹುದು. ಅಥವಾ ಬಾಗಿಲಿನ ಒಳಗೆ ಇಳಿಯುವ ಕಬ್ಬಿಣದ ಕೆಳಚಾನೆಲ್‌ನ ಬೋಲ್ಟ್ ಸಡಿಲವಾಗಿ ಅದು ಓರೆ ನಿಂತಿರಬಹುದು.

ರೆಗ್ಯುಲೇಟರ್ ಕೆಟ್ಟಿದ್ದರೆ ಲಕ್ಷಣ ಬೇರೆ. ಸ್ವಿಚ್ ಒತ್ತಿದಾಗ ಕರಕರ ಸದ್ದು ಬಂದು ಗಾಜು ಅಲುಗದಿದ್ದರೆ ಕೇಬಲ್ ಡ್ರಮ್ಮಿನ ಮೇಲೆ ಗೋಜಲಾಗಿದೆ ಎಂದರ್ಥ. ಮೋಟರ್ ಇಲ್ಲದೆ ಬರೀ ಕೈಯಿಂದ ಗಾಜು ಸಲೀಸಾಗಿ ಮೇಲೆ ಕೆಳಗೆ ಹೋದರೆ ಸ್ಲೈಡರ್ ಮುರಿದಿದೆ, ಇಲ್ಲವೇ ಕೇಬಲ್ ತುಂಡಾಗಿದೆ. ಮೋಟರಿನ ವರ್ಮ್ ಗೇರ್ ಹಿಮ್ಮುಖವಾಗಿ ತಿರುಗುವುದಿಲ್ಲ, ಹಾಗಾಗಿ ಒಳಗೆಲ್ಲ ಸರಿಯಿದ್ದರೆ ಗಾಜು ಕೈಗೆ ಬಗ್ಗಲೇಬಾರದು.

ಬಿಚ್ಚಲು ಬೇಕಾದದ್ದು: ನಕ್ಷತ್ರ ಸ್ಕ್ರೂಡ್ರೈವರ್, 10 ನಂಬರ್ ಸಾಕೆಟ್ ಮತ್ತು ಉದ್ದ ಎಕ್ಸ್‌ಟೆನ್ಷನ್, ಪ್ಲಾಸ್ಟಿಕ್ ಟ್ರಿಮ್ ಟೂಲ್, ಟಾರ್ಚ್, ದಪ್ಪ ಕೈಗವಸು. ಡೋರ್ ಪ್ಯಾಡಿನ (ಬಾಗಿಲಿನ ಒಳಮುಚ್ಚಳ) ಕ್ಲಿಪ್ ಅರ್ಧ ಡಜನ್ ಮೊದಲೇ ತಂದಿಟ್ಟುಕೊಳ್ಳಿ, ಹಳೆಯವು ಒಂದೆರಡಾದರೂ ಮುರಿಯುತ್ತವೆ. ಒಳಹಿಡಿಯ ಹಿಂದೆ ಒಂದು ಸ್ಕ್ರೂ ಇರುತ್ತದೆ, ಆರ್ಮ್‌ರೆಸ್ಟಿನ ಗುಳಿಯಲ್ಲಿ ಮುಚ್ಚಳದ ಕೆಳಗೆ ಒಂದೋ ಎರಡೋ. ಮಿರರ್ ಬಳಿಯ ಮೂರು ಮೂಲೆ ಕವರ್ ಸುಮ್ಮನೆ ಎಳೆದರೆ ಬರುತ್ತದೆ. ಪ್ಯಾಡನ್ನು ಕೆಳಮೂಲೆಯಿಂದ ಶುರು ಮಾಡಿ, ಕ್ಲಿಪ್ ಪಕ್ಕದಲ್ಲೇ ಟೂಲ್ ಇಟ್ಟು ಒಂದೊಂದಾಗಿ ಬಿಡಿಸಿ, ಕೊನೆಗೆ ನೆಟ್ಟಗೆ ಮೇಲಕ್ಕೆತ್ತಿ. ಈಚೆಗೆ ಎಳೆದರೆ ಒಳಬೀಡಿಂಗ್ ಹರಿಯುತ್ತದೆ. ಸ್ವಿಚ್ ಕನೆಕ್ಟರ್ ಕಳಚುವ ಮುಂಚೆ ಪ್ಯಾಡನ್ನು ಕೆಳಗೆ ಬಿಡಬೇಡಿ.

ಒಳಗೆ ಪ್ಲಾಸ್ಟಿಕ್ ಹಾಳೆಯೊಂದು ಕಪ್ಪು ಅಂಟಿನಲ್ಲಿ ಕೂತಿರುತ್ತದೆ. ಅದನ್ನು ಕಿತ್ತು ಬಿಸಾಡುವವರೇ ಹೆಚ್ಚು, ಅದು ದೊಡ್ಡ ತಪ್ಪು. ಹೊರಬೀಡಿಂಗ್ ದಾಟಿ ಬಾಗಿಲೊಳಗೆ ಇಳಿಯುವ ಮಳೆನೀರು ಕಾರಿನೊಳಗೆ ಬಾರದಂತೆ ತಡೆಯುವುದೇ ಆ ಹಾಳೆ. ಅದಿಲ್ಲದಿದ್ದರೆ ನಿಮ್ಮ ಊರಿನ ಮಳೆಗೆ ನೆಲದ ಕಾರ್ಪೆಟ್ ಒಂದೇ ವಾರದಲ್ಲಿ ಮುಗ್ಗಲು ಹಿಡಿಯುತ್ತದೆ. ಅಂಟನ್ನು ಬ್ಲೇಡಿನಿಂದ ನಿಧಾನ ಸೀಳಿ, ಹಾಳೆಯ ಅರ್ಧ ಭಾಗ ಮಾತ್ರ ಮಡಚಿ ಟೇಪ್ ಹಚ್ಚಿಡಿ. ಅಂಟಿಗೆ ಧೂಳು ತಾಗಿಸಬೇಡಿ.

ಇಷ್ಟು ಮಾಡಿ ಏನು ಕಾಣುತ್ತದೆ ಹೇಳಿ, ಮುಂದಿನದು ಆಮೇಲೆ.

ಕೆಂಪುಮಣ್ಣು

ಇಷ್ಟೆಲ್ಲ ಯಾಕೆ ಸರ್? ಚಾನೆಲ್ ತುಟಿಯನ್ನು ಇಕ್ಕಳದಲ್ಲಿ ಸ್ವಲ್ಪ ಒತ್ತಿ ಬಿಗಿ ಮಾಡಿ, ಒಳಗೆ ಗ್ರೀಸ್ ಹಚ್ಚಿದರೆ ಗ್ಲಾಸ್ ಈಚೆ ಬರಲ್ಲ. ಎಷ್ಟೋ ಕಡೆ ಹೀಗೇ ಮಾಡ್ತಾರೆ.

ಗಾಜಿನ_ಅಂಚು

ಕೆಂಪುಮಣ್ಣು ಅವರೇ, ಮಾಡುತ್ತಾರೆ ನಿಜ, ಅದೇ ಗಾಡಿ ಮತ್ತೆ ಬರುವುದೂ ನಿಜ. ತುಟಿ ಒತ್ತಿದರೆ ಹಿಡಿತ ಇನ್ನೂ ಹೆಚ್ಚುತ್ತದೆ, ಇಲ್ಲಿನ ತೊಂದರೆಯೇ ಹಿಡಿತ. ಮಾಮೂಲಿ ಗ್ರೀಸ್ ಪೆಟ್ರೋಲಿಯಂ ಎಣ್ಣೆಯಿಂದ ಆದದ್ದು, ಚಾನೆಲ್ ರಬ್ಬರ್ ಅದನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಮೇಲಾಗಿ ಗ್ರೀಸಿಗೆ ಧೂಳು ಕೂತರೆ ಅದು ಉಜ್ಜುಕಾಗದದ ಕೆಲಸ ಮಾಡಿ ಗಾಜಿನ ಮೇಲೆ ಉದ್ದುದ್ದ ಗೀರು ಎಳೆಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ರಬ್ಬರಿಗೆ ಬೇಡ. ಗಾಜು ಓಡುವ ಕಡೆ ಸಿಲಿಕೋನ್ ಸ್ಪ್ರೇ ಮಾತ್ರ. ಗ್ರೀಸ್ ಹಚ್ಚಬೇಕಾದ ಜಾಗ ಒಂದೇ: ಸ್ಲೈಡರ್ ಓಡುವ ಕಬ್ಬಿಣದ ಕಂಬಿ. ಅಲ್ಲಿ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿ.

ಶರಾವತಿಯವರೇ, ಮೊದಲು ಆ ವೈಸರ್ ತೆಗೆದು ನೋಡಿ. ಚಾನೆಲ್ ಒಳಗೆ ಸಿಕ್ಕಿಸುವ ವೈಸರಿನ ಪ್ಲಾಸ್ಟಿಕ್ ಅಂಚು ಗಾಜು ಕೂರಬೇಕಾದ ಜಾಗವನ್ನೇ ತಿನ್ನುತ್ತದೆ, ಅದರಲ್ಲೂ ಹಿಂದಿನ ಮೇಲ್ಮೂಲೆಯ ತಿರುವಿನಲ್ಲಿ. ಮಳೆಗಾಲಕ್ಕೆ ವೈಸರ್ ಬೇಕೇ ಬೇಕೆಂದಾದರೆ ಫ್ರೇಮಿನ ಹೊರಮೈಗೆ ಡಬಲ್ ಟೇಪಿನಿಂದ ಅಂಟಿಸುವ ಮಾದರಿ ಹಾಕಿ. ಗಾಜಿಗೆ ಫಿಲ್ಮ್ ಇದ್ದರೆ ಅದರ ಅಂಚು ಸುರುಳಿಯಾಗಿದೆಯೇ ಎಂದೂ ನೋಡಿ. ಹಿಂದಿನ ಅಂಚಿನಲ್ಲಿ ಒಂದಿಂಚು ಫಿಲ್ಮ್ ಮಡಚಿಕೊಂಡರೂ ಗಾಜು ಹಿಡಿಯುತ್ತದೆ.

ಶರಾವತಿ_ದಂಡೆ

ಇಬ್ಬರಿಗೂ ಧನ್ಯವಾದ. ಪ್ಯಾಡ್ ಬಿಚ್ಚಿ ನೋಡಿದೆ. ವೈಸರ್ ತೆಗೆದ ಮೇಲೆ ಸ್ವಲ್ಪ ಹಗುರವಾಯಿತು, ಆದರೂ ವಾಲುತ್ತದೆ. ಸ್ಲೈಡರ್ ಮುರಿದಿಲ್ಲ, ಕೇಬಲ್ ಎಳೆ ಬಿಟ್ಟಿಲ್ಲ. ಗಾಜಿನ ಕೆಳಗಿನ ಕಬ್ಬಿಣದ ಪಟ್ಟಿ ಗಾಜಿಗೆ ಗಟ್ಟಿಯಾಗಿದೆ, ಆದರೆ ಅದನ್ನು ಸ್ಲೈಡರಿಗೆ ಹಿಡಿಯುವ ಎರಡು ಬೋಲ್ಟುಗಳಲ್ಲಿ ಒಂದು ಕೈಯಲ್ಲೇ ತಿರುಗುತ್ತದೆ. ಹಿಂದಿನ ಕೆಳಚಾನೆಲ್‌ನ ಬುಡದ ಬೋಲ್ಟ್ ಬಿಚ್ಚಿಕೊಂಡು ಬಾಗಿಲಿನ ತಳದಲ್ಲಿ ಬಿದ್ದಿದೆ. ಚಾನೆಲ್ ಬೆರಳು ತಾಗಿದರೆ ಅಲ್ಲಾಡುತ್ತದೆ. ಬೋಲ್ಟ್ ಹಾಕಿ ಬಿಗಿ ಮಾಡಿದರೆ ಸಾಕಾ?

ಹತ್ತು_ನಂಬರ್_ಸ್ಪ್ಯಾನರ್

ಅಲ್ಲಿಗೆ ಸಿಕ್ಕಿತು. ಆದರೆ ಸುಮ್ಮನೆ ಬಿಗಿ ಮಾಡಿದರೆ ಸಾಲದು. ಎರಡೂ ಕಡೆ ಬೋಲ್ಟ್ ಕೂರುವ ತೂತು ಉದ್ದನೆಯದು, ಗಾಜಿನ ನಿಲುವನ್ನು ಅಲ್ಲೇ ಹೊಂದಿಸುವುದು. ಬಿಗಿ ಮಾಡುವ ಕ್ರಮ ತಪ್ಪಿದರೆ ವಾಲಿದ ಗಾಜನ್ನು ವಾಲಿದ ಹಾಗೇ ಭದ್ರ ಮಾಡಿದಂತಾಗುತ್ತದೆ.

ಗಾಜನ್ನು ಪಟ್ಟಿಯ ಬೋಲ್ಟುಗಳು ಬಾಗಿಲಿನ ತೂತಿನಲ್ಲಿ ಕಾಣುವ ಎತ್ತರಕ್ಕೆ ತನ್ನಿ. ತಕ್ಷಣ ಮೋಟರ್ ಕನೆಕ್ಟರ್ ಕಳಚಿ, ಯಾರಾದರೂ ಸ್ವಿಚ್ ಒತ್ತಿದರೆ ಒಳಗಿರುವ ಬೆರಳು ಉಳಿಯುವುದಿಲ್ಲ. ಗಾಜಿಗೆ ಟೇಪ್ ಹಚ್ಚಿ, ಎರಡೂ ಬೋಲ್ಟ್ ತೆಗೆದು, ಸ್ಲೈಡರಿನಿಂದ ಬಿಡಿಸಿ. ಈಗ ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಎರಡೂ ಅಂಗೈಯಲ್ಲಿ ಗಾಜನ್ನು ಹಿಡಿದು ಮೇಲೆ ಕೆಳಗೆ ಆಡಿಸಲಿ. ಎಲ್ಲಿ ಹಿಡಿಯುತ್ತದೆ ಎಂಬುದು ಅಂಗೈಗೆ ಗೊತ್ತಾಗುತ್ತದೆ. ಯಾವ ಮೀಟರೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಆಮೇಲೆ ಗಾಜಿನ ಮುಂದಿನ ಮೂಲೆಯನ್ನು ಕೆಳಗೆ ಓರೆ ಮಾಡಿ, ಹಿಂದಿನ ತುದಿಯಿಂದ ಫ್ರೇಮಿನ ಹೊರಕ್ಕೆ ತೆಗೆಯಿರಿ. ದಪ್ಪ ಬಟ್ಟೆಯ ಮೇಲೆ ಮಲಗಿಸಿ, ಸಿಮೆಂಟ್ ನೆಲದ ಮೇಲೆ ಅಂಚಿನಲ್ಲಿ ನಿಲ್ಲಿಸಬೇಡಿ. ಹಿಂದಿನ ಚಾನೆಲ್ ರಬ್ಬರ್ ನೋಡಿ: ಗಾಜು ತಾಗುವ ಕಡೆ ಇರುವ ವೆಲ್ವೆಟ್‌ನಂಥ ನಯ ಸವೆದು ಬರೀ ರಬ್ಬರ್ ಹೊಳೆಯುತ್ತಿದ್ದರೆ, ಅಥವಾ ತಿರುವಿನಲ್ಲಿ ಬಿರುಕಿದ್ದರೆ ಹೊಸತು ಹಾಕಿ. ಬಾಗಿಲಿಗೆ ಒಂದರಂತೆ ಆ ಮಾಡೆಲ್‌ನ ಅಚ್ಚಿನದೇ ಸಿಗುತ್ತದೆ. ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ರಬ್ಬರ್ ಬೇಡ, ಮೂಲೆಯಲ್ಲಿ ಅದು ಸುಕ್ಕುಗಟ್ಟುತ್ತದೆ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ, ಮಾಡೆಲ್ ವರ್ಷ ಮತ್ತು 'ಎಡ ಮುಂದಿನದು' ಎಂದು ಬಾಯಿಬಿಟ್ಟು ಹೇಳಿ. ಎಡ ಬಲ ಅದಲುಬದಲಾದರೆ ತಿರುವೇ ಕೂರುವುದಿಲ್ಲ.

ರಬ್ಬರ್ ಚೆನ್ನಾಗಿದ್ದರೆ ತೊಳೆದರೆ ಸಾಕು. ತೆಳು ಸ್ಕೇಲಿಗೆ ಬಟ್ಟೆ ಸುತ್ತಿ, ಕಾರ್ ಶ್ಯಾಂಪೂ ಬೆರೆಸಿದ ನೀರಲ್ಲಿ ಅದ್ದಿ, ಚಾನೆಲ್ ತಳದವರೆಗೂ ಉಜ್ಜಿ. ಬಟ್ಟೆಗೆ ಮಣ್ಣು ಹತ್ತುವುದು ನಿಲ್ಲುವ ತನಕ ಉಜ್ಜಬೇಕು. ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇಯನ್ನು ಕೊಳವೆಯಿಂದ ತೆಳುವಾಗಿ ಹೊಡೆಯಿರಿ.

ಜೋಡಣೆ ಹೀಗೆ. ಕೆಳಚಾನೆಲ್ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಹಿಡಿಸಿ, ಬಿಗಿ ಬೇಡ. ಗಾಜನ್ನು ಮುಂದಿನ ಚಾನೆಲ್‌ಗೆ ಮೊದಲು, ಆಮೇಲೆ ಹಿಂದಿನದಕ್ಕೆ ಕೂರಿಸಿ. ಪಟ್ಟಿಯನ್ನು ಸ್ಲೈಡರಿಗೆ ಹೊಂದಿಸಿ, ಅಲ್ಲೂ ಬೋಲ್ಟ್ ಕೈಬಿಗಿ ಮಾತ್ರ. ಕನೆಕ್ಟರ್ ಹಾಕಿ, ಗಾಜಿಗೆ ಅಂಗೈ ಕೊಟ್ಟು, ಸ್ವಿಚ್ಚನ್ನು ತುಸು ತುಸುವೇ ಒತ್ತುತ್ತಾ ಪೂರ್ತಿ ಮೇಲೆ ಕೊಂಡೊಯ್ಯಿರಿ. ಮೇಲಂಚು ಫ್ರೇಮಿನ ರಬ್ಬರಿಗೆ ಉದ್ದಕ್ಕೂ ಸಮನಾಗಿ ಕೂತಾಗ ಗಾಜು ತನ್ನ ನಿಲುವನ್ನು ತಾನೇ ಕಂಡುಕೊಂಡಿರುತ್ತದೆ. ಆ ಸ್ಥಿತಿಯಲ್ಲೇ ಸ್ಲೈಡರಿನ ಬೋಲ್ಟ್ ಬಿಗಿ ಮಾಡಿ. ಮೇಲಿದ್ದಾಗ ಬೋಲ್ಟಿಗೆ ಸಾಕೆಟ್ ಎಟುಕದಿದ್ದರೆ ಪಟ್ಟಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಇಳಿಸಿ, ಗೆರೆಗೆ ಸರಿಯಾಗಿ ಬಿಗಿಯಿರಿ. ನಂತರ ಗಾಜನ್ನು ಬಹುತೇಕ ಕೆಳಗೆ ಇಳಿಸಿ, ಹಿಂದಿನ ಕೆಳಚಾನೆಲ್ ಗಾಜಿನ ಅಂಚಿಗೆ ಸಮಾನಾಂತರವಾಗಿ ನಿಂತಾಗ ಅದರ ಬೋಲ್ಟ್ ಬಿಗಿ ಮಾಡಿ. ಗಾಜನ್ನು ಹಿಂದೆ ಮುಂದೆ ಅಲುಗಿಸಿದರೆ ಒಂದೆರಡು ಮಿ.ಮೀ. ಆಟ ಉಳಿದಿರಬೇಕು. ಆಟವೇ ಇಲ್ಲದಿದ್ದರೆ ಮತ್ತೆ ಹಿಡಿಯುತ್ತದೆ, ಜಾಸ್ತಿಯಾದರೆ ಹಳ್ಳದ ರಸ್ತೆಯಲ್ಲಿ ಗಡಗಡ ಎನ್ನುತ್ತದೆ.

ಇವೆಲ್ಲ ಸಣ್ಣ ಬೋಲ್ಟು, ಉದ್ದನೆ ಹಿಡಿ ಹಾಕಿ ಒರಗಬೇಡಿ. ನೀಲಿ ಥ್ರೆಡ್ ಲಾಕರ್ ಒಂದು ಹನಿ ಹಾಕಿ, ಇಲ್ಲದಿದ್ದರೆ ಸ್ಪ್ರಿಂಗ್ ವಾಷರ್. ಒಮ್ಮೆ ಬಿಚ್ಚಿಕೊಂಡ ಬೋಲ್ಟ್ ಬಾಗಿಲು ಬಡಿಯುವ ಅದುರಿಗೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಕೊಡಚಾದ್ರಿ_ತಿರುವು

ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮದು ಹ್ಯಾಂಡಲ್ ತಿರುಗಿಸುವ ಹಳೇ ಗಾಡಿ. ಗಾಜಿನ ಕೆಳಗಿನ ಪಟ್ಟಿಯೇ ಗಾಜು ಬಿಟ್ಟು ಕಳಚಿಕೊಂಡಿದೆ. ಹ್ಯಾಂಡಲ್ ತೆಗೆಯುವುದು ಹೇಗೆ, ಪಟ್ಟಿಗೆ ಯಾವ ಅಂಟು?

ಗಾಜಿನ_ಅಂಚು

ಹ್ಯಾಂಡಲ್ ಹಿಂದೆ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಇದೆ. ಹ್ಯಾಂಡಲಿಗೂ ಅದರ ಹಿಂದಿನ ಬಿಲ್ಲೆಗೂ ನಡುವೆ ಹಳೇ ಬನಿಯನ್ ಪಟ್ಟಿ ತೂರಿಸಿ, ಎರಡೂ ತುದಿ ಹಿಡಿದು ಬೂಟು ಪಾಲಿಶ್ ಮಾಡುವ ಹಾಗೆ ಎಳೆದಾಡಿ. ಬಟ್ಟೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಹಾರಿಸುತ್ತದೆ. ಎಲ್ಲಿ ಬಿತ್ತು ನೋಡಿಕೊಳ್ಳಿ. ಹಾಕುವಾಗ ಕ್ಲಿಪ್ಪನ್ನು ಹ್ಯಾಂಡಲಿಗೆ ಮೊದಲೇ ಸೇರಿಸಿ, ದಂಡದ ಮೇಲಿಟ್ಟು ಅಂಗೈಯಿಂದ ಗುದ್ದಿದರೆ ಕೂರುತ್ತದೆ.

ಪಟ್ಟಿಯಲ್ಲಿ ಎರಡು ಬಗೆ. ನಿಮ್ಮದರಲ್ಲಿ ಗಾಜಿಗೂ ಪಟ್ಟಿಗೂ ನಡುವೆ ರಬ್ಬರ್ ಪ್ಯಾಕಿಂಗ್ ಇದ್ದಿದ್ದರೆ ಅಂಟೇ ಬೇಡ. ಹೊಸ ಪ್ಯಾಕಿಂಗನ್ನು ಗಾಜಿನ ಅಂಚಿಗೆ ಮಡಚಿ ಹಾಕಿ, ಸೋಪಿನ ನೀರು ಸವರಿ, ಪಟ್ಟಿಯನ್ನು ರಬ್ಬರ್ ಸುತ್ತಿಗೆಯಿಂದ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ತಟ್ಟಿ. ಒಂದೇ ತುದಿಗೆ ಹೊಡೆದರೆ ಗಾಜು ಹೋಯಿತು. ಅಂಟಿಸಿದ ಬಗೆಯಾದರೆ ಹಳೆಯ ಅಂಟು, ತುಕ್ಕು ಪೂರ್ತಿ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಕಾರಿನ ಎದುರಿನ ಗಾಜು (ವಿಂಡ್‌ಶೀಲ್ಡ್) ಕೂರಿಸಲು ಬಳಸುವ ಪಾಲಿಯುರೆಥೇನ್ ಅಂಟನ್ನು ಅದರ ಪ್ರೈಮರ್ ಜೊತೆ ಹಾಕಿ. 24 ಗಂಟೆ ಮುಟ್ಟಬೇಡಿ. ವಿನೆಗರ್ ವಾಸನೆಯ ಸಿಲಿಕೋನ್ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಫೆವಿಕ್ವಿಕ್ ಜಾತಿಯವು ಅದುರಿಗೆ ಸಿಡಿದು ಬಿಡುತ್ತವೆ. ಅಂಟಿಸುವ ಮೊದಲು ಗಾಜಿನ ಹಿಂದಿನ ಅಂಚಿನಿಂದ ಪಟ್ಟಿಗೆ ಇರುವ ದೂರವನ್ನು ಹಳೆಯ ಅಂಟಿನ ಗುರುತಿನಿಂದಲೋ ಇನ್ನೊಂದು ಬದಿಯ ಬಾಗಿಲಿನಿಂದಲೋ ಅಳೆದು ಬರೆದಿಟ್ಟುಕೊಳ್ಳಿ. ಐದಾರು ಮಿ.ಮೀ. ಅತ್ತಿತ್ತ ಆದರೂ ಗಾಜು ಒಂದು ಚಾನೆಲ್‌ಗೆ ಒತ್ತಿಕೊಂಡೇ ಓಡುತ್ತದೆ.

ಶರಾವತಿ_ದಂಡೆ

ಹೇಳಿದ ಕ್ರಮದಲ್ಲೇ ಜೋಡಿಸಿದೆ. ಗ್ಲಾಸ್ ನೆಟ್ಟಗೆ ಏರಿ ಇಳಿಯುತ್ತಿದೆ. ಹತ್ತು ಸಲ ಬೆನ್ನುಬೆನ್ನಿಗೆ ಆಡಿಸಿದಾಗ ಮಾತ್ರ ಮೋಟರ್ ಸುಮ್ಮನಾಯಿತು. ಸ್ವಲ್ಪ ಹೊತ್ತು ಬಿಟ್ಟು ತಾನೇ ಸರಿಹೋಯಿತು. ಇದೇನು?

ಹತ್ತು_ನಂಬರ್_ಸ್ಪ್ಯಾನರ್

ಮೋಟರ್ ಬಿಸಿಯಾದರೆ ಒಳಗಿನ ಥರ್ಮಲ್ ಕಟ್‌ಔಟ್ ಕರೆಂಟ್ ತಡೆಯುತ್ತದೆ, ತಣಿದ ಮೇಲೆ ಬಿಡುತ್ತದೆ. ಹತ್ತು ಸಲಕ್ಕೆ ಹಾಗಾದರೆ ಚಿಂತೆಯಿಲ್ಲ. ಎರಡು ಮೂರು ಸಲಕ್ಕೇ ನಿಂತರೆ ಇನ್ನೂ ಎಲ್ಲೋ ಹಿಡಿತ ಉಳಿದಿದೆ.

ಪ್ಯಾಡ್ ಮುಚ್ಚುವ ಮುಂಚೆ ಎರಡು ಕೆಲಸ. ಬಾಗಿಲಿನ ತಳದ ಅಂಚಿನಲ್ಲಿರುವ ನೀರು ಹೋಗುವ ತೂತುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ಆ ಬಿದ್ದ ಬೋಲ್ಟಿನ ಜೊತೆ ಎಲೆ, ಮಣ್ಣು ಸೇರಿರುತ್ತದೆ. ಆಮೇಲೆ ಪ್ಲಾಸ್ಟಿಕ್ ಹಾಳೆಯ ಅಂಟನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಬೆರಳಿನಿಂದ ಒತ್ತುತ್ತಾ ಬನ್ನಿ, ಹಾಳೆಯ ಕೆಳತುದಿ ಬಾಗಿಲಿನ ಒಳಕ್ಕೆ ಇಳಿದಿರಲಿ. ಗಾಜು ಮುಚ್ಚಿ ಹೊರಗಿನಿಂದ ಒಂದು ಕೊಡ ನೀರು ಸುರಿಯಿರಿ: ನೀರು ತಳದ ತೂತುಗಳಿಂದ ಕೆಳಗೆ ಇಳಿಯಬೇಕು, ಹಾಳೆಯ ಈಚೆ ಒಂದು ಹನಿಯೂ ಕಾಣಬಾರದು.